ಮೇಷ್ಟ್ರ ಅಂಚೆ: ಆ ಮಾತು ಯಾರಿಗೆ ಹೇಳಿದ್ದು?

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಮಾತು ಬರೆದೆ. ಮಾರ್ಚ್ 14 ಐನ್‌ಸ್ಟೈನ್ ಹುಟ್ಟಿದ ದಿನ, ನಿಮ್ಮ ಮೊಬೈಲಿಗೆ ಬಂದಿರುವ ಅವನ ಮಾತುಗಳನ್ನು ಬರೆದು ಕಳಿಸಿ, ಜೊತೆಗೆ ನಿಮ್ಮ ಪ್ರಶ್ನೆಯನ್ನೂ ಹಾಕಿ ಅಂತ. ಐವತ್ಮೂರು ಕಾಗದ ಬಂದಿವೆ. ಹನ್ನೊಂದರಲ್ಲಿ ಅದೇ ‘ಬದುಕು ಸೈಕಲ್ ಹಾಗೆ’ ಅನ್ನುವ ಮಾತು. ಆರರಲ್ಲಿ ಮರ ಹತ್ತುವ ಮೀನು, ಅಂದರೆ ‘ಮರ ಹತ್ತಲು ಬರುತ್ತಾ ಅಂತ ಮೀನನ್ನು ಅಳೆದರೆ ಅದು ಬದುಕಿಡೀ ತಾನು ದಡ್ಡ ಅಂತಲೇ ನಂಬುತ್ತೆ’ ಅನ್ನುವ ಮಾತು. ಮೀನಿನವರಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಅದು ಅವನ ಮಾತು ಅನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ. ಮೀನನ್ನು ಅದರ ಪಾಡಿಗೆ ಬಿಡಿ.

ಇನ್ನೊಂದು ವಿಷಯ. ಐನ್‌ಸ್ಟೈನ್‌ಗೆ ನಾನು ಏಕವಚನ ಹಾಕುತ್ತೇನೆ. ಮೂವತ್ತೊಂದು ವರ್ಷ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟ ಸಲಿಗೆ ಅದು. ದೇವರನ್ನೂ ಹಾಗೇ ಕರೆಯುತ್ತೇವಲ್ಲ, ಬೇಜಾರು ಮಾಡ್ಕೋಬೇಡಿ.

ಮೊದಲು ನನ್ನದೇ ಕಥೆ. ಲ್ಯಾಬಿನ ಗೋಡೆಯ ಮೇಲೆ ಪೇಂಟರನ್ನು ಕರೆಸಿ ನೀಲಿ ಬಣ್ಣದಲ್ಲಿ ಬರೆಸಿದ್ದೆ: ‘ತಿಳಿವಳಿಕೆಗಿಂತ ಕಲ್ಪನೆ ದೊಡ್ಡದು - ಐನ್‌ಸ್ಟೈನ್’. ಕೈಯಿಂದ ಇನ್ನೂರೈವತ್ತು ರೂಪಾಯಿ ಕೊಟ್ಟಿದ್ದೆ. ಒಂದು ಟೆಸ್ಟಿನಲ್ಲಿ ಡೆರಿವೇಷನ್ ಬರೆಯದೆ ಖಾಲಿ ಹಾಳೆ ಕೊಟ್ಟ ಹುಡುಗನನ್ನು ಎಬ್ಬಿಸಿ, ‘ಏನೋ ಇದು?’ ಅಂತ ಕೇಳಿದೆ. ಅವನು ಮಾತಾಡಲಿಲ್ಲ. ಗೋಡೆಯ ಕಡೆ ಕೈ ತೋರಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಹೋದ ಮೇಲೆ ನಗು ಬರಲಿಲ್ಲ. ಹುಡುಗ ಹೇಳಿದ್ದು ಸರಿಯಾಗೇ ಇತ್ತಲ್ಲ!

ಆಮೇಲೆ ಹುಡುಕಿದಾಗ ಗೊತ್ತಾಯಿತು, ಅದು ಮಾತೇ ಹೊರತು ಬೋಧನೆ ಅಲ್ಲ. 1929ರ ಅಕ್ಟೋಬರಿನಲ್ಲಿ ಅಮೆರಿಕದ ಒಂದು ವಾರಪತ್ರಿಕೆಯಲ್ಲಿ ಅಚ್ಚಾದ ಸಂದರ್ಶನದ ನಡುವೆ ಬಂದದ್ದು. ಸೂರ್ಯನ ಪಕ್ಕದಲ್ಲಿ ಬರುವ ನಕ್ಷತ್ರದ ಬೆಳಕು ಬಾಗುತ್ತದೆ ಅಂತ ಅವನು ಲೆಕ್ಕ ಹಾಕಿದ್ದ. 1919ರ ಮೇ 29ರ ಗ್ರಹಣದಲ್ಲಿ ಇಂಗ್ಲೆಂಡಿನವರು ಎರಡು ಕಡೆ ಹೋಗಿ ಅಳೆದು ನೋಡಿದರು. ಅದು ಸರಿ ಬರುತ್ತೆ ಅಂತ ನನಗೆ ಮೊದಲೇ ಅನ್ನಿಸಿತ್ತು ಅಂತ ಇವನು ಹೇಳುತ್ತಾನೆ. ಹಾಗಾದರೆ ನಿಮಗೆ ತಿಳಿವಳಿಕೆಗಿಂತ ಕಲ್ಪನೆಯ ಮೇಲೇ ನಂಬಿಕೆ ಜಾಸ್ತಿಯಾ ಅಂತ ಸಂದರ್ಶನ ಮಾಡುವವನು ಕೇಳುತ್ತಾನೆ. ಆಗ ಬಂದ ಉತ್ತರ ಅದು. ಆ ಲೆಕ್ಕಕ್ಕಾಗಿ ಎಂಟು ವರ್ಷ ಕೈ ಸವೆಸಿದವನು ಹೇಳಿದ ಮಾತು. ನನ್ನ ಗೋಡೆಯ ಮೇಲೆ ಆ ಎಂಟು ವರ್ಷಕ್ಕೆ ಜಾಗ ಇರಲಿಲ್ಲ.

ಅವತ್ತಿನಿಂದ ನನಗೊಂದು ಚಾಳಿ. ಯಾವ ದೊಡ್ಡ ಮಾತು ಬಂದರೂ ಇದು ಯಾರಿಗೆ ಹೇಳಿದ್ದು, ಯಾವಾಗ ಹೇಳಿದ್ದು ಅಂತ ಕೆದಕುವುದು. ಈ ಸಲದ ಉತ್ತರಗಳೆಲ್ಲ ಅದೇ ಚಾಳಿಯಿಂದ ಬಂದವು.

ಪ್ರಶ್ನೆ: ಮಗ ಪ್ರಥಮ ಪಿಯುಸಿ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ 19 ಬಂದಿದೆ. ಊಟ ಸರಿಯಾಗಿ ಮಾಡುತ್ತಿಲ್ಲ. ‘ಐನ್‌ಸ್ಟೈನೇ ಗಣಿತದಲ್ಲಿ ಫೇಲಾಗಿದ್ದ, ನೀನ್ಯಾಕೆ ಅಳ್ತೀಯ’ ಅಂತ ಅವರ ಮಾವ ಸಮಾಧಾನ ಮಾಡಿದ. ನಾನೂ ಅದನ್ನೇ ಹೇಳಲಾ? (ಒಬ್ಬ ತಾಯಿ, ದಾವಣಗೆರೆ)

ಬೇಡ ತಾಯಿ. ಅದು ಸುಳ್ಳು. ಇವತ್ತಲ್ಲ ನಾಳೆ ಹುಡುಗನಿಗೆ ಗೊತ್ತಾಗುತ್ತೆ. ಆಗ ಮಾವನ ಮಾತಿನ ಮೇಲಿದ್ದ ನಂಬಿಕೆಯೂ ಹೋಗುತ್ತೆ.

ಈ ಸುಳ್ಳು ಅವನು ಬದುಕಿದ್ದಾಗಲೇ ಓಡಾಡುತ್ತಿತ್ತು. 1935ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಯಾರೋ ಅಂಥದೊಂದು ಪತ್ರಿಕೆಯ ತುಣುಕು ತಂದು ತೋರಿಸಿದರು. ‘ನಾನು ಗಣಿತದಲ್ಲಿ ಯಾವತ್ತೂ ಫೇಲಾಗಿಲ್ಲ. ಹದಿನೈದು ತುಂಬುವ ಮೊದಲೇ ಕ್ಯಾಲ್ಕುಲಸ್ ಕಲಿತಿದ್ದೆ’ ಅಂದ. ಆಗಿದ್ದು ಇಷ್ಟು. 1895ರಲ್ಲಿ, ಹದಿನಾರನೇ ವಯಸ್ಸಿಗೆ, ಜ್ಯೂರಿಕ್ಕಿನ ಪಾಲಿಟೆಕ್ನಿಕ್ಕಿನ ಪ್ರವೇಶ ಪರೀಕ್ಷೆಗೆ ಕೂತ. ಉಳಿದವರಿಗಿಂತ ಎರಡು ವರ್ಷ ಚಿಕ್ಕವನು. ಗಣಿತ, ಫಿಸಿಕ್ಸ್ ಚೆನ್ನಾಗಿ ಮಾಡಿದ. ಬೇರೆ ವಿಷಯಗಳಲ್ಲಿ ಸಾಲಲಿಲ್ಲ. ಆರಾವ್ ಅನ್ನುವ ಊರಿನ ಶಾಲೆಯಲ್ಲಿ ಒಂದು ವರ್ಷ ಓದಿ ಬಂದ. ಅಲ್ಲಿ 6 ಅಂದರೆ ಅತಿ ಹೆಚ್ಚು. ಬೀಜಗಣಿತ, ರೇಖಾಗಣಿತ, ಫಿಸಿಕ್ಸ್ ಮೂರರಲ್ಲೂ 6. ಫ್ರೆಂಚ್‌ನಲ್ಲಿ 3.

ಹುಡುಗನಿಗೆ ಬೇರೆ ಎರಡು ವಿಷಯ ಹೇಳಿ. ಎರಡೂ ನಿಜ.

ಮೊದಲನೆಯದು ಆ ಮನೆಯ ಊಟದ ಮೇಜಿನದು. ಮ್ಯೂನಿಕ್‌ನಲ್ಲಿ ಐನ್‌ಸ್ಟೈನ್ ಮನೆಗೆ ವಾರಕ್ಕೊಂದು ದಿನ, ಗುರುವಾರ, ಒಬ್ಬ ಬಡ ವೈದ್ಯಕೀಯ ವಿದ್ಯಾರ್ಥಿ ಊಟಕ್ಕೆ ಬರುತ್ತಿದ್ದ. ನಮ್ಮ ಕಡೆ ವಾರಾನ್ನ ಅಂತಿದ್ದರಲ್ಲ, ಹೆಚ್ಚುಕಡಿಮೆ ಅದೇ. ಹೆಸರು ಮ್ಯಾಕ್ಸ್ ಟಾಲ್ಮುಡ್. ಆ ಹುಡುಗ ಊಟದ ಋಣಕ್ಕೆ ಪುಸ್ತಕ ತಂದುಕೊಡುತ್ತಿದ್ದ. ಪುಟ್ಟ ಆಲ್ಬರ್ಟನ ಜೊತೆ ಕೂತು ಲೆಕ್ಕ ಮಾಡುತ್ತಿದ್ದ. ಇನ್ನು ಚಿಕ್ಕಪ್ಪ ಯಾಕೋಬ್ ಬೀಜಗಣಿತವನ್ನು ಬೇಟೆಯ ಹಾಗೆ ಹೇಳಿಕೊಟ್ಟ. ಪೊದೆಯಲ್ಲಿ ಒಂದು ಪ್ರಾಣಿ ಅಡಗಿದೆ, ಅದರ ಹೆಸರು ಗೊತ್ತಿಲ್ಲ, ಸಿಗುವವರೆಗೆ ಎಕ್ಸ್ ಅಂತ ಕರೆಯೋಣ ಅಂತ. ಗಣಿತ ಅವನಿಗೆ ಆಕಾಶದಿಂದ ಉದುರಲಿಲ್ಲ. ಪಕ್ಕದಲ್ಲಿ ಕೂರುವವರು ಇದ್ದರು. ನಿಮ್ಮ ಹುಡುಗನ ಪಕ್ಕದಲ್ಲಿ ಯಾರು ಕೂತಿದ್ದಾರೆ? ಅಷ್ಟು ಪ್ರೀತಿ ಇರುವ ಮಾವ ದಿನಕ್ಕೆ ಅರ್ಧ ಗಂಟೆ ಕೂರಬಹುದಲ್ವಾ?

ಎರಡನೆಯದು ಒಂದು ಕಾಗದ. 1943ರ ಜನವರಿಯಲ್ಲಿ ವಾಷಿಂಗ್ಟನ್‌ನ ಒಬ್ಬ ಶಾಲಾ ಹುಡುಗಿ ನನಗೆ ಗಣಿತ ಕಷ್ಟ ಅಂತ ಅವನಿಗೆ ಬರೆದಿದ್ದಳು. ‘ನಿನ್ನ ಕಷ್ಟದ ಬಗ್ಗೆ ಚಿಂತೆ ಮಾಡಬೇಡ, ನನ್ನ ಕಷ್ಟ ಇನ್ನೂ ದೊಡ್ಡದು’ ಅಂತ ಉತ್ತರ ಬರೆದ. ಇದು ಸಮಾಧಾನಕ್ಕೆ ಹೇಳಿದ್ದಲ್ಲ. 1912ರಲ್ಲಿ ತನ್ನ ಹೊಸ ಸಿದ್ಧಾಂತಕ್ಕೆ ಬೇಕಾದ ಗಣಿತ ಗೊತ್ತಿಲ್ಲದೆ, ಕಾಲೇಜಿನ ಹಳೆಯ ಗೆಳೆಯ ಮಾರ್ಸೆಲ್ ಗ್ರಾಸ್‌ಮನ್ ಹತ್ತಿರ ಓಡಿಹೋದವನು ಅವನು. ನೀನು ಸಹಾಯ ಮಾಡದಿದ್ದರೆ ನನಗೆ ಹುಚ್ಚು ಹಿಡಿಯುತ್ತೆ ಅಂತ ಅಂಗಲಾಚಿದ. ಗೊತ್ತಿಲ್ಲ ಅನ್ನುವುದಕ್ಕೆ ಅವನಿಗೆ ನಾಚಿಕೆ ಇರಲಿಲ್ಲ. 19 ತೆಗೆದ ಹುಡುಗ ಯಾವ ಅಧ್ಯಾಯದಲ್ಲಿ ಎಡವಿದ ಅಂತ ಬಾಯಿ ಬಿಟ್ಟು ಹೇಳಿದರೆ ಅರ್ಧ ಕೆಲಸ ಆಯಿತು. ನನ್ನ ಅನುಭವದಲ್ಲಿ ಅದು ಮುಕ್ಕಾಲು ಪಾಲು ತ್ರಿಕೋನಮಿತಿ. ಹತ್ತನೇ ತರಗತಿಯ ಪುಸ್ತಕ ಮತ್ತೆ ತೆಗೆಸಿ.

ಪ್ರಶ್ನೆ: ‘ಚಕ್ರಬಡ್ಡಿ ಜಗತ್ತಿನ ಎಂಟನೇ ಅದ್ಭುತ’ ಅಂತ ಐನ್‌ಸ್ಟೈನ್ ಹೇಳಿದ್ದು ನಿಜವೇ? ನಮ್ಮ ಸೊಸೈಟಿಯ ಗೋಡೆಯ ಮೇಲೆ ಹಾಕಿದ್ದೇವೆ. (ಪಿಗ್ಮಿ ಕಲೆಕ್ಷನ್ ಮಾಡುವವರು, ಹುಬ್ಬಳ್ಳಿ)

ಅವನು ಹೇಳಿದ್ದಕ್ಕೆ ದಾಖಲೆ ಇಲ್ಲ. ಆದರೆ ಲೆಕ್ಕಕ್ಕೆ ಅವನ ಸಾಕ್ಷಿ ಯಾಕೆ ಬೇಕು? ಒಂದು ಲಕ್ಷಕ್ಕೆ ವರ್ಷಕ್ಕೆ ಶೇ. 7ರಂತೆ ಚಕ್ರಬಡ್ಡಿ ಬಿದ್ದರೆ ಹತ್ತು ವರ್ಷಕ್ಕೆ 1,96,715 ರೂಪಾಯಿ. ಅದೇ ಕ್ರೆಡಿಟ್ ಕಾರ್ಡಿನ ಹತ್ತು ಸಾವಿರ ಬಾಕಿಗೆ ತಿಂಗಳಿಗೆ ಶೇ. 3.5ರಂತೆ ಬಿದ್ದರೆ ಒಂದೇ ವರ್ಷಕ್ಕೆ 15,111. ಎರಡನೆಯದನ್ನೂ ಗೋಡೆಯ ಮೇಲೆ ಬರೆಸಿ. ಹೆಸರು ಬೇಕಾದರೆ ನನ್ನದು ಹಾಕಿ.

ಪ್ರಶ್ನೆ: ಇಂಜಿನಿಯರಿಂಗ್ ಮುಗಿದು ಎರಡು ವರ್ಷ. ಕೆಲಸ ಇಲ್ಲ. ನನಗೆ ಗೊತ್ತಾಗದ ಹಾಗೆ ಅಪ್ಪ ಅವರ ಹಳೆಯ ಆಫೀಸರಿಗೆ ಕಾಗದ ಬರೆದು ನನಗೊಂದು ಕೆಲಸ ಕೇಳಿದ್ದಾರೆ. ಗೊತ್ತಾದಾಗ ತಲೆ ತಗ್ಗಿಸುವಂತಾಯಿತು. ಅಪ್ಪನ ಜೊತೆ ಮಾತು ಬಿಟ್ಟು ಹತ್ತು ದಿನ ಆಯಿತು. ‘ಕಷ್ಟದ ಮಧ್ಯೆಯೇ ಅವಕಾಶ ಇದೆ’ ಅಂತ ಐನ್‌ಸ್ಟೈನ್ ಮಾತು ಕಳಿಸುತ್ತಾರೆ ಗೆಳೆಯರು. ಓದಿದರೆ ಸಿಟ್ಟು ಬರುತ್ತೆ. (ಯುವಕ, ಬೆಂಗಳೂರು)

ಸಿಟ್ಟು ಬರಲಿ ಬಿಡಪ್ಪ. ಆ ಮಾತು ಬಿಟ್ಟು ಅವನ ಅಪ್ಪನ ವಿಷಯ ಹೇಳುತ್ತೇನೆ, ಕೇಳು.

1900ರಲ್ಲಿ ಐನ್‌ಸ್ಟೈನ್ ಡಿಗ್ರಿ ಮುಗಿಸಿದ. ಪ್ರೊಫೆಸರುಗಳಿಗೆ ಕಾಗದದ ಮೇಲೆ ಕಾಗದ ಬರೆದ, ಎಲ್ಲೂ ಕೆಲಸ ಸಿಗಲಿಲ್ಲ. ಅದರಲ್ಲಿ ಒಂದು, ಲೈಪ್‌ಜಿಗ್‌ನ ದೊಡ್ಡ ರಸಾಯನ ವಿಜ್ಞಾನಿ ವಿಲ್‌ಹೆಲ್ಮ್ ಆಸ್ಟ್‌ವಾಲ್ಡ್‌ಗೆ. ಉತ್ತರ ಬರದಿದ್ದಾಗ, ಹಿಂದಿನ ಕಾಗದದಲ್ಲಿ ವಿಳಾಸ ಹಾಕಿದ್ದೆನೋ ಇಲ್ಲವೋ ಮರೆತೆ ಅಂತ ನೆಪ ಮಾಡಿ ಇನ್ನೊಂದು ಕಾರ್ಡು ಹಾಕಿದ. ಈ ನೆಪ ನಿನಗೂ ಗೊತ್ತಿರುತ್ತೆ. ಈಗಿನವರು ‘ಅಟ್ಯಾಚ್‌ಮೆಂಟ್ ಬಂತಾ ಸಾರ್’ ಅಂತ ಇನ್ನೊಂದು ಮೇಲ್ ಹಾಕುತ್ತಾರೆ.

ಅಪ್ಪ ಹರ್ಮನ್‌ನ ವ್ಯಾಪಾರ ಮುಳುಗಿತ್ತು. ಮ್ಯೂನಿಕ್‌ನ ಎಲೆಕ್ಟ್ರಿಕಲ್ ಕಂಪನಿ ಮುಚ್ಚಿ ಇಟಲಿಗೆ ಹೋಗಿದ್ದ, ಅಲ್ಲೂ ಕೈ ಹತ್ತಲಿಲ್ಲ. 1901ರ ಏಪ್ರಿಲ್ 13ರಂದು ಮಗನಿಗೆ ಹೇಳದೆ ಆ ಆಸ್ಟ್‌ವಾಲ್ಡ್‌ಗೇ ಕಾಗದ ಬರೆದ. ಮಗನ ಸಲುವಾಗಿ ಧೈರ್ಯ ಮಾಡಿ ಬರೆಯುತ್ತಿರುವ ಅಪ್ಪನನ್ನು ಕ್ಷಮಿಸಿ ಅಂತ ಶುರು. ಮಗನಿಗೆ ಇಪ್ಪತ್ತೆರಡು, ಕೆಲಸ ಇಲ್ಲದೆ ಕೊರಗುತ್ತಿದ್ದಾನೆ, ಅಷ್ಟೇನೂ ಅನುಕೂಲ ಇಲ್ಲದ ನಮಗೆ ಹೊರೆಯಾಗಿದ್ದೇನೆ ಅನ್ನುವ ಯೋಚನೆ ಅವನನ್ನು ತಿನ್ನುತ್ತಿದೆ ಅಂತ ಬರೆದಿದ್ದಾನೆ. ಅವನು ಕಳಿಸಿದ ಲೇಖನ ಓದಿ, ಸಾಧ್ಯವಾದರೆ ನಾಲ್ಕು ಒಳ್ಳೆ ಮಾತು ಬರೆಯಿರಿ ಅಂತ ಬೇಡಿದ್ದಾನೆ. ನಾನು ಬರೆದದ್ದು ಮಗನಿಗೆ ಗೊತ್ತಿಲ್ಲ ಅಂತಲೂ ಸೇರಿಸಿದ್ದಾನೆ.

ಆಸ್ಟ್‌ವಾಲ್ಡ್ ಉತ್ತರ ಬರೆದದ್ದಕ್ಕೆ ಕುರುಹು ಇಲ್ಲ. ಆಮೇಲೆ ಮಗ ತಾತ್ಕಾಲಿಕ ಮೇಷ್ಟ್ರಾದ, ಮನೆಪಾಠ ಹೇಳಿದ. 1902ರ ಫೆಬ್ರವರಿಯಲ್ಲಿ ಬರ್ನ್ ಊರಿನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ: ಗಣಿತ, ಫಿಸಿಕ್ಸ್ ಪಾಠ ಹೇಳಿಕೊಡಲಾಗುವುದು, ಮೊದಲ ಪಾಠ ಉಚಿತ. ಕೊನೆಗೆ ಪೇಟೆಂಟ್ ಆಫೀಸಿನ ಕೆಲಸ ಸಿಕ್ಕಿದ್ದು ಅದೇ ವರ್ಷದ ಜೂನ್‌ನಲ್ಲಿ. ಮೂರನೇ ದರ್ಜೆ, ವರ್ಷಕ್ಕೆ 3,500 ಫ್ರಾಂಕ್. ಅದೂ ಗ್ರಾಸ್‌ಮನ್‌ನ ಅಪ್ಪ ಆ ಆಫೀಸಿನ ಮುಖ್ಯಸ್ಥನಿಗೆ ಹೇಳಿದ ಒಂದು ಮಾತಿನಿಂದ. ಕೇಳಿಸಿತಾ? ಗೆಳೆಯನ ಅಪ್ಪನ ಮಾತಿನಿಂದ. ಅಲ್ಲೇ ಕೂತು 1905ರಲ್ಲಿ ಅವನು ಬರೆದ ಲೇಖನಗಳನ್ನು ನಾವು ಇವತ್ತಿಗೂ ಪಾಠ ಮಾಡುತ್ತೇವೆ. ಮುಂದೆ ಆ ಆಫೀಸನ್ನು ತನ್ನ ಮಠ ಅಂತ ಕರೆದ.

ಅಪ್ಪ ಅದನ್ನು ನೋಡಲಿಲ್ಲ. 1902ರ ಅಕ್ಟೋಬರಿನಲ್ಲೇ ತೀರಿಕೊಂಡ. ಮಗ ಗುಮಾಸ್ತನಾದದ್ದಷ್ಟೇ ನೋಡಿದ. ಇನ್ನೊಂದು ತಮಾಷೆ ನೋಡು. ಐನ್‌ಸ್ಟೈನ್‌ಗೆ ನೊಬೆಲ್ ಕೊಡಿ ಅಂತ ಮೊಟ್ಟಮೊದಲು ಹೆಸರು ಸೂಚಿಸಿದವನು ಯಾರು ಗೊತ್ತಾ? ಅದೇ ಆಸ್ಟ್‌ವಾಲ್ಡ್, 1910ರ ಬಹುಮಾನಕ್ಕೆ.

ಉತ್ತರ ಬಾರದ ಕಾಗದದ ಸಂಕಟ ಐನ್‌ಸ್ಟೈನ್‌ಗೆ ನೆನಪಿತ್ತೋ ಏನೋ. 1924ರ ಜೂನ್‌ನಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸ್ ಅನ್ನುವ ಗುರುತಿಲ್ಲದ ಮೇಷ್ಟ್ರು ಕಾಗದ ಬರೆದು ಲೇಖನ ಕಳಿಸಿದಾಗ, ಇವನು ಅದನ್ನು ಓದಿದ. ತಾನೇ ಜರ್ಮನ್‌ಗೆ ತಂದು ಅಚ್ಚು ಹಾಕಿಸಿದ.

ನಿನ್ನ ಅಪ್ಪ ಕಾಗದ ಬರೆಯುವ ಮೊದಲು ಎಷ್ಟು ಸಲ ಹರಿದು ಬರೆದಿದ್ದಾರೋ, ಒಂದು ಸಲ ಕೇಳು. ಹತ್ತು ದಿನ ಜಾಸ್ತಿ ಆಯಿತು. ಇವತ್ತು ಸಂಜೆ ಕಾಫಿ ನೀನೇ ಮಾಡಿಕೊಂಡು ಹೋಗಿ ಪಕ್ಕದಲ್ಲಿ ಕೂರು.

ಪ್ರಶ್ನೆ: ಕೆಎಎಸ್ ಪರೀಕ್ಷೆ ಮೂರನೇ ಸಲ ಬರೆಯಲು ಓದುತ್ತಿದ್ದೇನೆ. ‘ಮಾಡಿದ್ದನ್ನೇ ಮಾಡಿ ಬೇರೆ ಫಲ ಬಯಸುವುದೇ ಹುಚ್ಚುತನ ಅಂತ ಐನ್‌ಸ್ಟೈನ್ ಹೇಳಿದ್ದಾರೆ’ ಅಂತ ಭಾವ ಎಲ್ಲರ ಮುಂದೆ ಅಂದರು. (ಚಳ್ಳಕೆರೆಯ ಓದುಗಳು)

ನಿಮ್ಮ ಭಾವನಿಗೆ ಹೇಳಿ, ಐನ್‌ಸ್ಟೈನ್ ತೀರಿಕೊಂಡದ್ದು 1955ರಲ್ಲಿ. ಆ ಮಾತು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1980ರ ಆಸುಪಾಸಿನಲ್ಲಿ. ಚಟ ಬಿಡಿಸುವ ಸಂಘಗಳ ಕರಪತ್ರದಂಥ ಕಡೆ. ನಿಮ್ಮ ಸೀಮೆಯಲ್ಲಿ ಪ್ರತಿ ವರ್ಷ ಅದೇ ಹೊಲಕ್ಕೆ ಅದೇ ಶೇಂಗಾ ಬಿತ್ತುವವರೆಲ್ಲ ಹುಚ್ಚರಾ? ಮಳೆ ಬೇರೆ ಬೇರೆ ಅಲ್ವಾ.

ಆದರೂ ಭಾವ ಕೇಳಿದ್ದನ್ನು ನಾನೂ ಮೆತ್ತಗೆ ಕೇಳುತ್ತೇನೆ. ಈ ಸಲ ಏನು ಬದಲಾಗಿದೆ? ಐನ್‌ಸ್ಟೈನ್ 1907ರಲ್ಲಿ ಹಿಡಿದ ಗುರುತ್ವಾಕರ್ಷಣೆಯ ಕೆಲಸ ಮುಗಿದದ್ದು 1915ರ ನವೆಂಬರಿನಲ್ಲಿ. 1912ರಲ್ಲೇ ಅವನ ನೋಟ್‌ಬುಕ್ಕಿನಲ್ಲಿ ಸರಿಯಾದ ದಾರಿ ಹತ್ತಿರ ಬಂದಿತ್ತು. ತಪ್ಪು ಅಂದುಕೊಂಡು ಬಿಟ್ಟ. 1913ರಲ್ಲಿ ಬೇರೊಂದು ಅಚ್ಚು ಹಾಕಿಸಿದ, ಅದು ತಪ್ಪಾಗಿತ್ತು. ಎರಡು ವರ್ಷ ಕಳೆದ ಮೇಲೆ ತಪ್ಪು ಎಲ್ಲಿ ಅಂತ ಸಿಕ್ಕಿ, ಬಿಟ್ಟ ದಾರಿಗೇ ವಾಪಸ್ ಬಂದ. ಹಳೆಯ ಉತ್ತರ ಪತ್ರಿಕೆಯ ಅಂಕಗಳನ್ನು ಬಿಡಿಸಿ ನೋಡಿದ್ದೀರಾ? ಯಾವ ಪತ್ರಿಕೆಯಲ್ಲಿ ಹೋಗಿದ್ದು?

ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಐನ್‌ಸ್ಟೈನ್ ಕೊನೆಯ ಮೂವತ್ತು ವರ್ಷ ಗುರುತ್ವಾಕರ್ಷಣೆಯನ್ನೂ ವಿದ್ಯುತ್ಕಾಂತ ಬಲವನ್ನೂ ಒಂದೇ ಸೂತ್ರಕ್ಕೆ ತರುತ್ತೇನೆ ಅಂತ ಹೆಣಗಿದ, ಆಗಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲೂ ಲೆಕ್ಕದ ಹಾಳೆ ತರಿಸಿಕೊಂಡ. ಆದರೆ ಅವನಿಗೆ ಪ್ರಿನ್ಸ್‌ಟನ್‌ನಲ್ಲಿ ಸಂಬಳ ಬರುತ್ತಿತ್ತು. ನಿಮಗೆ? ಓದುವುದರ ಜೊತೆ ಸಣ್ಣದೊಂದು ಸಂಪಾದನೆ ಇಟ್ಟುಕೊಳ್ಳಿ. ಎಷ್ಟನೇ ಸಲಕ್ಕೆ ನಿಲ್ಲಿಸುವುದು ಅಂತ ಈಗಲೇ, ತಲೆ ತಣ್ಣಗಿರುವಾಗಲೇ, ಬರೆದಿಡಿ. ಭಾವನಿಗೆ ತೋರಿಸಬೇಕಾಗಿಲ್ಲ.

ಪ್ರಶ್ನೆ: ಬಡ್ತಿ ಬಂದಿದೆ, ಆದರೆ ಇನ್ನೂರು ಕಿಲೋಮೀಟರ್ ದೂರ. ‘ಗೆಲುವಿನ ಹಿಂದೆ ಓಡುವುದಕ್ಕಿಂತ ಶಾಂತವಾದ ಸರಳ ಬದುಕು ಹೆಚ್ಚು ಸುಖ ಕೊಡುತ್ತದೆ’ ಅಂತ ಐನ್‌ಸ್ಟೈನ್ ಮಾತು ಓದಿ ಬೇಡ ಅನ್ನೋಣ ಅಂದುಕೊಂಡಿದ್ದೇನೆ. (ಸರ್ಕಾರಿ ನೌಕರರು, ವಿಜಯಪುರ)

ಈ ಮಾತು ಮಾತ್ರ ಅಸಲಿ. 1922ರ ನವೆಂಬರಿನಲ್ಲಿ ಟೋಕಿಯೋದ ಇಂಪೀರಿಯಲ್ ಹೋಟೆಲಿನಲ್ಲಿ, ಏನೋ ತಂದುಕೊಟ್ಟ ಆಳಿಗೆ ಭಕ್ಷೀಸು ಕೊಡುವ ಬದಲು ಹೋಟೆಲಿನ ಕಾಗದದ ಮೇಲೆ ಬರೆದುಕೊಟ್ಟ. ಆ ಚೀಟಿ 2017ರಲ್ಲಿ ಜೆರುಸಲೇಮಿನ ಹರಾಜಿನಲ್ಲಿ 15.6 ಲಕ್ಷ ಡಾಲರಿಗೆ ಹೋಯಿತು.

ಆದರೆ ಬರೆದವನು ಅವತ್ತು ಏನು ಮಾಡುತ್ತಿದ್ದ ನೋಡಿ. ಹಡಗು ಹತ್ತಿ ಅರ್ಧ ಭೂಮಿ ಸುತ್ತಿ ಬಂದಿದ್ದ. ದಾರಿಯಲ್ಲಿದ್ದಾಗಲೇ ನೊಬೆಲ್ ಸುದ್ದಿ. ಹೋದಲ್ಲೆಲ್ಲ ಜಾತ್ರೆಯಷ್ಟು ಜನ. ಗೆಲುವಿನ ಜೊತೆಗೆ ಬಿಡುವಿಲ್ಲದ ಚಡಪಡಿಕೆ ಸೇರಿದರೆ ಸುಖ ಇಲ್ಲ ಅಂತ ಚೀಟಿಯಲ್ಲಿದೆ. ಮೊಬೈಲಿನಲ್ಲಿ ಆ ಚಡಪಡಿಕೆಯ ತುಂಡು ಕತ್ತರಿಸಿ ಹೋಗಿದೆ, ಗಮನಿಸಿದ್ರಾ? ಅವನು ಬೇಡ ಅಂದದ್ದು ಗೆಲುವನ್ನಲ್ಲ ಅಂತ ನನ್ನ ಓದು. ಬಡ್ತಿ ಬೇಡ ಅನ್ನಲು ನಿಮ್ಮದೇ ಕಾರಣ ಇರಬೇಕು. ವಯಸ್ಸಾದ ತಾಯಿ ಇದ್ದಾರೆ, ಮಗಳು ಹತ್ತನೇ ತರಗತಿ, ಹೀಗೆ ಏನಾದರೂ. ಸುಮ್ನೆ ಹೊಸ ಊರಿನ ಅಂಜಿಕೆ ಆಗಿದ್ದರೆ ಹೋಗಿ ಸೇರಿ.

ಪ್ರಶ್ನೆ: ಮದುವೆಯಾಗಿ ಎರಡು ವರ್ಷ. ಗಂಡ ಸಂಶೋಧನೆ ಮಾಡುತ್ತಾರೆ. ಮನೆಯ ಯಾವ ಕೆಲಸ ಹೇಳಿದರೂ ‘ದೊಡ್ಡ ಕೆಲಸ ಮಾಡುವವರಿಗೆ ಇದಕ್ಕೆಲ್ಲ ಟೈಮ್ ಇರಲ್ಲ, ಐನ್‌ಸ್ಟೈನ್ ನೋಡು’ ಅನ್ನುತ್ತಾರೆ. (ಮೈಸೂರಿನ ಓದುಗಳು)

ನೋಡೋಣ ಮಗಳೇ. ಐನ್‌ಸ್ಟೈನನ್ನೇ ನೋಡೋಣ.

ಅವನ ಮೊದಲ ಹೆಂಡತಿ ಮಿಲೇವಾ ಅವನ ಜೊತೆ ಪಾಲಿಟೆಕ್ನಿಕ್ಕಿನಲ್ಲಿ ಫಿಸಿಕ್ಸ್ ಓದಿದವಳು. 1914ರಲ್ಲಿ ಸಂಸಾರ ಒಡೆಯುತ್ತಿದ್ದಾಗ ಅವನು ಅವಳಿಗೆ ಒಂದು ಷರತ್ತಿನ ಪಟ್ಟಿ ಕೊಟ್ಟ. ಬಟ್ಟೆ ಒಗೆದು ಓರಣವಾಗಿಡಬೇಕು. ಮೂರು ಹೊತ್ತಿನ ಊಟ ನನ್ನ ಕೋಣೆಗೆ ಬರಬೇಕು. ಸುಮ್ಮನಿರು ಅಂದಾಗ ಮಾತು ನಿಲ್ಲಿಸಬೇಕು. ಅವಳು ಮೊದಲು ಒಪ್ಪಿದಳು. ಸ್ವಲ್ಪ ದಿನಕ್ಕೇ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಬರ್ಲಿನ್ ಬಿಟ್ಟು ಜ್ಯೂರಿಕ್ಕಿಗೆ ಹೊರಟಳು. 1919ರಲ್ಲಿ ವಿಚ್ಛೇದನ. ಇನ್ನೂ ಬಂದಿರದ ನೊಬೆಲ್ ಹಣ ಅವಳಿಗೆ ಅಂತ ಒಪ್ಪಂದ. ಬಂದ ಮೇಲೆ ಕೊಟ್ಟ.

ಈಗ ಇನ್ನೊಂದು ಕಾಗದ. ಜ್ಯೂರಿಕ್ಕಿನಲ್ಲಿ ಓದುತ್ತಿದ್ದ ದಿನಗಳಿಂದ ಅವನಿಗೆ ಮಿಶೆಲೆ ಬೆಸ್ಸೋ ಅಂತ ಒಬ್ಬ ಗೆಳೆಯ. 1905ರ ಸಾಪೇಕ್ಷತೆಯ ಲೇಖನದ ಕೊನೆಯಲ್ಲಿ ಹೆಸರು ಹಿಡಿದು ಕೃತಜ್ಞತೆ ಹೇಳಿದ್ದು ಅವನೊಬ್ಬನಿಗೇ. 1955ರ ಮಾರ್ಚ್‌ನಲ್ಲಿ ಬೆಸ್ಸೋ ತೀರಿಕೊಂಡಾಗ ಐನ್‌ಸ್ಟೈನ್ ಅವನ ಮನೆಯವರಿಗೆ ಬರೆದ. ಅದರಲ್ಲಿನ ಒಂದು ಸಾಲು ಜಗತ್ತೆಲ್ಲ ಓಡಾಡುತ್ತದೆ: ಭೂತ, ವರ್ತಮಾನ, ಭವಿಷ್ಯ ಅನ್ನುವ ಭೇದ ಬಿಡದೆ ಕಾಡುವ ಒಂದು ಭ್ರಮೆ ಅಂತ. ಗಂಭೀರವಾಗಿದೆ, ಫಾರ್ವರ್ಡ್ ಮಾಡಲು ಚೆಂದ. ಅದೇ ಕಾಗದದ ಇನ್ನೊಂದು ಮಾತನ್ನು ಯಾರೂ ಕಳಿಸುವುದಿಲ್ಲ. ಬೆಸ್ಸೋನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು, ಅವನು ಅಷ್ಟು ವರ್ಷ ಒಬ್ಬ ಹೆಂಗಸಿನ ಜೊತೆ ಸಾಮರಸ್ಯದಿಂದ ಬಾಳಿದ, ಆ ಕೆಲಸದಲ್ಲಿ ನಾನು ಎರಡು ಸಲ ನಾಚಿಕೆಗೇಡಿಯಾಗಿ ಸೋತೆ ಅಂತ ಬರೆದಿದ್ದಾನೆ. ಬರೆದ ನಾಲ್ಕು ವಾರಕ್ಕೆ, ಏಪ್ರಿಲ್ 18ಕ್ಕೆ, ತಾನೂ ಹೋದ.

ಈ ಪುಟ ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿ. ಫ್ರಿಜ್ಜು ಒರೆಸುವ ಕೆಲಸ ಅವರಿಗೇ ಇರಲಿ.

ಪ್ರಶ್ನೆ: ನಮ್ಮವರು ಹೋಗಿ ಏಳು ತಿಂಗಳಾಯಿತು. ಮಕ್ಕಳು ಹೊರಗಿದ್ದಾರೆ. ದಿನಾ ಬೆಳಿಗ್ಗೆ ಏನಾದರೂ ಕಳಿಸುತ್ತಾರೆ. ‘ಬದುಕು ಸೈಕಲ್ ಹಾಗೆ, ಬೀಳದಿರಲು ಚಲಿಸುತ್ತಲೇ ಇರಬೇಕು’ ಅಂತ ಐನ್‌ಸ್ಟೈನ್ ಮಾತು ಮೂರು ಸಲ ಬಂತು. ಪ್ರವಾಸಕ್ಕೆ ಹೋಗು, ಯೋಗಕ್ಕೆ ಸೇರು ಅನ್ನುತ್ತಾರೆ. ನನಗೆ ಹಿತ್ತಲಲ್ಲಿ ಸುಮ್ಮನೆ ಕೂತಿರೋಣ ಅನ್ನಿಸುತ್ತದೆ. ಇದು ತಪ್ಪಾ ಮೇಷ್ಟ್ರೇ? (ಶಿರಸಿಯ ಹತ್ತಿರದ ಹಳ್ಳಿಯಿಂದ)

ತಪ್ಪಲ್ಲ ಅಮ್ಮ. ಕೂತಿರಿ.

ಆ ಮಾತೂ ಅಸಲಿಯೇ. 1930ರ ಫೆಬ್ರವರಿ 5ರಂದು ಅವನು ಕಿರಿಯ ಮಗ ಎಡ್ವರ್ಡ್‌ಗೆ ಬರೆದ ಕಾಗದದಲ್ಲಿದೆ. ಹುಡುಗನಿಗೆ ಹತ್ತೊಂಬತ್ತು. ಜ್ಯೂರಿಕ್ಕಿನಲ್ಲಿ ಅಮ್ಮನ ಜೊತೆ ಇದ್ದು ವೈದ್ಯಕೀಯ ಓದುತ್ತಿದ್ದ, ಪಿಯಾನೊ ನುಡಿಸುತ್ತಿದ್ದ. ಅದೇ ಸುಮಾರಿಗೆ ಅವನ ಮನಸ್ಸಿನ ಆರೋಗ್ಯ ಕೆಟ್ಟಿತು. 1932ರಲ್ಲಿ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಪ್ಪ ಮಗನನ್ನು ಕಡೆಯ ಸಲ ನೋಡಿದ್ದು 1933ರಲ್ಲಿ. ಆಮೇಲೆ ಅಮೆರಿಕಕ್ಕೆ ಹೋದವನು ಯುರೋಪಿಗೆ ತಿರುಗಿ ಬರಲಿಲ್ಲ. ಹುಡುಗನನ್ನು ನೋಡಿಕೊಂಡದ್ದು ಮಿಲೇವಾ, 1948ರಲ್ಲಿ ತಾನು ಸಾಯುವವರೆಗೆ. ಎಡ್ವರ್ಡ್ 1965ರಲ್ಲಿ ತೀರಿಕೊಂಡ.

ಅಪ್ಪ ಪ್ರೀತಿಯಿಂದಲೇ ಬರೆದಿರಬೇಕು. ನಿಮ್ಮ ಮಕ್ಕಳೂ ಪ್ರೀತಿಯಿಂದಲೇ ಕಳಿಸುತ್ತಾರೆ. ದೂರ ಇರುವವರ ಕೈಯಲ್ಲಿ ಮಾತು ಬಿಟ್ಟರೆ ಬೇರೇನಿರುತ್ತೆ? ಆದರೆ ಆ ಕಾಗದ ಆ ಹುಡುಗನ ಕೈಯನ್ನು ಹಿಡಿಯಲಿಲ್ಲ. ನಾನೂ ಒಮ್ಮೆ ಒಬ್ಬ ವಿದ್ಯಾರ್ಥಿಗೆ ಇದೇ ಮಾತು ಹೇಳಿದ್ದೇನೆ. ಅಮ್ಮ ಹೋಗಿ ಹದಿನೈದು ದಿನಕ್ಕೆ ಕಾಲೇಜಿಗೆ ಬಂದಿದ್ದ ಹುಡುಗ. ‘ಪೆಡಲ್ ತುಳೀತಾ ಇರಬೇಕು ಕಣೋ’ ಅಂದೆ. ಅವನು ‘ಹ್ಞೂಂ ಸಾರ್’ ಅಂದ. ಅವನ ಮುಖ ಈಗಲೂ ಕಣ್ಣ ಮುಂದಿದೆ. ಅವತ್ತು ಲ್ಯಾಬಿನಲ್ಲಿ ಒಂದು ಸ್ಟೂಲು ಎಳೆದು ಅವನ ಪಕ್ಕ ಕೂತಿದ್ದರೆ ಸಾಕಾಗಿತ್ತು.

ಸೈಕಲ್ಲಿನ ವಿಷಯ ಬಂದಿದ್ದಕ್ಕೆ, ಹೊಟ್ಟೆಪಾಡಿನ ಫಿಸಿಕ್ಸ್ ಸ್ವಲ್ಪ ಹೇಳಿಬಿಡುತ್ತೇನೆ. ಸೈಕಲ್ ಬೀಳದೆ ನಿಲ್ಲುವುದು ಬರೀ ಓಡುವುದರಿಂದ ಅಲ್ಲ. ಹ್ಯಾಂಡಲ್ ಅಲುಗದ ಹಾಗೆ ಕಟ್ಟಿ ತಳ್ಳಿ ನೋಡಿ, ಎಷ್ಟು ಜೋರಾಗಿ ತಳ್ಳಿದರೂ ಸ್ವಲ್ಪ ದೂರಕ್ಕೆ ಬೀಳುತ್ತೆ. ಎಡಕ್ಕೆ ವಾಲಿದಾಗ ಹ್ಯಾಂಡಲ್ ಎಡಕ್ಕೇ ತಿರುಗಬೇಕು. ಆಗ ಚಕ್ರ ಮೈ ಕೆಳಗೆ ಬಂದು ಎತ್ತಿ ನಿಲ್ಲಿಸುತ್ತೆ. ಬಾಡಿಗೆ ಸೈಕಲ್ ತಂದು, ಬಾರಿನ ಕೆಳಗೆ ಕಾಲು ತೂರಿಸಿ ಕಲಿಯುವಾಗ ನಾವೆಲ್ಲ ಬಿದ್ದದ್ದು ಇದಕ್ಕೇ. ಎಡಕ್ಕೆ ವಾಲಿದ ಕೂಡಲೇ ಹೆದರಿ ಬಲಕ್ಕೆ ಎಳೆಯುತ್ತಿದ್ದೆವು. ಬೀಳುವ ಕಡೆಗೇ ತಿರುಗಿಸೋ ಅಂತ ನಮ್ಮಣ್ಣ ಹಿಂದಿನಿಂದ ಕೂಗುತ್ತಿದ್ದ.

ನಿಮಗೆ ಹಿತ್ತಲು ಬೇಕು ಅನ್ನಿಸಿದರೆ ಹಿತ್ತಲಿಗೇ ಹೋಗಿ. ಅಲ್ಲಿ ಅವರು ನೆಟ್ಟದ್ದು ಏನಾದರೂ ಇರುತ್ತೆ. ಪ್ರವಾಸ ಮುಂದಿನ ವರ್ಷ ನೋಡೋಣ. ನಿದ್ದೆಯೇ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅನ್ನುವಂತಾದರೆ ಮಾತ್ರ ಡಾಕ್ಟರಿಗೆ ಹೇಳಬೇಕು, ಅದಕ್ಕೆ ಸಂಕೋಚ ಬೇಡ. ಮಕ್ಕಳಿಗೆ ‘ಬೆಳಿಗ್ಗೆ ಮೆಸೇಜ್ ಬೇಡ, ರಾತ್ರಿ ಹತ್ತು ನಿಮಿಷ ಫೋನ್ ಮಾಡಿ’ ಅನ್ನಿ.

ನನಗೆ ಇನ್ನೊಂದು ಕಾಗದ ಬರೆಯಿರಿ. ಪ್ರಶ್ನೆಯೇನೂ ಬೇಕಾಗಿಲ್ಲ. ಅವತ್ತು ಏನು ಅಡುಗೆ ಮಾಡಿದಿರಿ, ಹಿತ್ತಲಲ್ಲಿ ಯಾವ ಹೂ ಬಿಟ್ಟಿದೆ, ಅಷ್ಟು ಬರೆದರೆ ಸಾಕು. ಪತ್ರಿಕೆಯಲ್ಲಿ ಹಾಕುವುದಿಲ್ಲ.